ಹುಳಿ ಹಾಕದ ಕೊನೆಯ ನೀರು

ಮಾರ್ಚ್ ೩, ಸೋಮವಾರ

ಇವರ ಟೂಲ್ ಬ್ಯಾಗಿನಲ್ಲಿ, ಒಂಟಿ ಕಾಲುಚೀಲದೊಳಗೆ, ಕೊನೆಯ ತೊಟ್ಟಿನವರೆಗೂ ಹಿಂಡಿ ಸುರುಳಿ ಸುತ್ತಿದ ಮುಲಾಮಿನ ಟ್ಯೂಬುಗಳು ಸಿಕ್ಕವು. ನಾನು ಹುಡುಕುತ್ತಿದ್ದದ್ದು ಕಾಲುಚೀಲದ ಜೋಡಿಯನ್ನು. ಮದುವೆಗೆ ಮುಂಚಿನಿಂದ ಲಾಂಡ್ರಿಯಲ್ಲಿ ದುಡಿಯುತ್ತಿರುವವಳು ನಾನು. ಒಂಟಿ ಕಾಲುಚೀಲ ಕಂಡರೆ ಅದರ ಜೊತೆಯದು ಸಿಗುವವರೆಗೆ ನನಗೆ ಊಟ ಸೇರುವುದಿಲ್ಲ. ಇವತ್ತು ಸಿಕ್ಕಿದ್ದನ್ನು ನೋಡಿದ ಮೇಲೂ ಸೇರಲಿಲ್ಲ.

ಒಂದು ಟ್ಯೂಬನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು, ನಮ್ಮ ಬೀದಿಯ ಮೆಡಿಕಲ್ ಶಾಪ್ ಬಿಟ್ಟು, ಬಸ್ ನಿಲ್ದಾಣದ ಹಿಂದಿನದಕ್ಕೆ ಹೋದೆ. ಅಂಗಡಿಯವನು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದ, ಆಮೇಲೆ ನನ್ನನ್ನು ನೋಡಿದ. ಇದು ಗಂಡಸರು ಆ ಜಾಗಕ್ಕೆ ಹಚ್ಚಿಕೊಳ್ಳುವುದು ಎಂದ. ಆ ಕಾಯಿಲೆ ಯಾಕೆ ಬರುತ್ತದೆ ಎಂದು ಕೇಳಿದೆ. ಹಲವು ಕಾರಣ ಇರುತ್ತದೆ ಎಂದು ಕೆಮ್ಮಿ, ದನಿ ಇಳಿಸಿದ.

"ಈಗೀಗ ವೈರಸ್ಸಿಂದಾನೂ ಬರುತ್ತೆ ಅಂತಾರಮ್ಮ. ಯಜಮಾನ್ರದು ಊರೂರು ಸುತ್ತೋ ಕೆಲಸಾನಾ?"

ಊರೂರು ಸುತ್ತುವ ಕೆಲಸವೇ. ನನ್ನ ಗಂಡ ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡುತ್ತಾನೆ. ವಾರದಲ್ಲಿ ಅರ್ಧ ಮನೆ, ಅರ್ಧ ಲಾಡ್ಜು. ನಮ್ಮ ಲಾಂಡ್ರಿಯಲ್ಲಿ ಅವನಿಗೆ 'ತಕ್ಕಡಿ ಸಾಹೇಬರು' ಎಂದೇ ಹೆಸರು, ಒಂದು ಕೂದಲು ಆಚೀಚೆ ಆಗದ ಮನುಷ್ಯ ಅಂತ. ಎರಡು ವರ್ಷದಿಂದ ಬೆನ್ನು ನೋವು ಎಂದು ಹೇಳಿ ಹೊರಗಿನ ಕೋಣೆಯ ಮಂಚದಲ್ಲಿ ಮಲಗುತ್ತಾನೆ. ನಾನು ನಂಬಿ ಗಟ್ಟಿ ಹಾಸಿಗೆ ಮಾಡಿಸಿಕೊಟ್ಟೆ. ಸಂಜೆಯಾದರೆ ಕೂತು ಆ ಬೆನ್ನಿಗೆ ಎಣ್ಣೆ ತಿಕ್ಕಿದೆ. ಆ ಬೆನ್ನಿಗೆ ಏನೂ ಆಗಿರಲಿಲ್ಲ. ಯಾವಳೋ ಲಾಡ್ಜಿನವಳು ಬಳಸಿ ಬಿಟ್ಟ ಬೆನ್ನನ್ನು ನಾನು ನೀವುತ್ತ ಕೂತಿದ್ದೆ.

ಇನ್ನು ಈ ಪುಸ್ತಕದಲ್ಲಿ ಅವನಿಗೆ ಬಹುವಚನವಿಲ್ಲ. 'ರೀ' ಏನಿದ್ದರೂ ಎದುರಿಗೆ ಮಾತ್ರ.

ಮಾರ್ಚ್ ೫, ಬುಧವಾರ

ಫೋನಿನಲ್ಲಿ ಹುಡುಕಿ ಓದಿದೆ. ಗಂಡಸರ ಗುಪ್ತಾಂಗದ ಚರ್ಮ ಬಿಳಿಚಿಕೊಂಡು, ಬಿಗಿದು, ಬಿರಿದು ವರ್ಷಗಟ್ಟಲೆ ಕಾಡುವ ಕಾಯಿಲೆಯೊಂದು ಇದೆಯಂತೆ. ಕೆಲವು ವೈರಸ್‌ಗಳಿಗೂ ಅದಕ್ಕೂ ನಂಟು ಇರಬಹುದೇ ಎಂದು ತಿಳಿದವರು ಹುಡುಕುತ್ತಿದ್ದಾರಂತೆ. ಅವುಗಳಲ್ಲಿ ಒಂದು ನರಹುಲಿ ಬರಿಸುವ ವೈರಸ್, ಒಬ್ಬರ ಹಾಸಿಗೆಯಿಂದ ಇನ್ನೊಬ್ಬರ ಹಾಸಿಗೆಗೆ ದಾಟುವಂಥದ್ದು. ಅಷ್ಟರಲ್ಲಿ ಒಂದು ಜಾಹೀರಾತು ಅಡ್ಡ ಬಂತು. ಅದರ ಕೆಳಗೆ ಇನ್ನೂ ತುಂಬ ಬರೆದಿತ್ತು. ನನಗೆ ಬೇಕಾದದ್ದು ಸಿಕ್ಕಿತ್ತು, ಫೋನ್ ಮುಚ್ಚಿಟ್ಟೆ.

ಬಚ್ಚಲುಮನೆಗೆ ಹೋಗಿ ನೋಡಿದೆ. ಎರಡು ವರ್ಷದಿಂದ ಅವನ ಒಳಉಡುಪು ಅವನೇ ಒಗೆದುಕೊಂಡು ಟವೆಲ್ಲಿನ ಹಿಂದೆ ಒಣಹಾಕುತ್ತಾನೆ. ಎಂಥ ಗಂಡ ಎಂದು ನಾನು ಲಾಂಡ್ರಿಯಲ್ಲಿ ಕೊಚ್ಚಿಕೊಂಡಿದ್ದೂ ಆಗಿದೆ. ಬಟ್ಟೆಯ ಮೇಲೆ ಸಣ್ಣ ಸಣ್ಣ ಕಂದು ಚುಕ್ಕಿ. ರಕ್ತದ ಕಲೆಗೆ ಬಿಸಿನೀರು ಹಾಕಿ, ಹೋಗಬೇಕಾದ ಕಲೆಯನ್ನು ಶಾಶ್ವತವಾಗಿ ಅಂಟಿಸಿಕೊಂಡಿದ್ದಾನೆ. ಮೋಸ ಮಾಡಲು ಬರುತ್ತದೆ, ಒಗೆಯಲು ಬರುವುದಿಲ್ಲ.

ಆ ಲಾಡ್ಜಿನವಳು ನನಗೀಗ ಕಣ್ಣಿಗೆ ಕಟ್ಟಿದಂತೆ ಕಾಣುತ್ತಾಳೆ. ಉದ್ದ ಕಿವಿಯೋಲೆ, ಬಲಗೆನ್ನೆಯಲ್ಲಿ ಮಚ್ಚೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಅಳುವುದಿಲ್ಲ ನಾನು. ಬೀದಿರಂಪವನ್ನೂ ಮಾಡುವುದಿಲ್ಲ. ಬೇರೆ ಊರಿನಲ್ಲಿ ಸಂಸಾರ ಮಾಡಿಕೊಂಡಿರುವ ಮಗಳ ಕಿವಿಗೂ ಬೀಳಬಾರದು. ನನಗೆ ಯಾವ ಕೆಲಸ ಗೊತ್ತೋ ಆ ಕೆಲಸದಲ್ಲೇ ಅವನಿಗೆ ತೋರಿಸುತ್ತೇನೆ.

ಮಾರ್ಚ್ ೮, ಶನಿವಾರ

ನಮ್ಮಲ್ಲಿ ಆಸ್ಪತ್ರೆಯ, ಹೋಟೆಲಿನ ಬಟ್ಟೆ ಬರುತ್ತದೆ. ಶನಿವಾರ ಸಂಜೆ ಚಿಕ್ಕ ಮೆಷಿನ್ ಕೆಲಸಗಾರರಿಗೆ ಬಿಟ್ಟಿ. ಮನೆಯ ಬಟ್ಟೆ ತಂದು ಹಾಕಿಕೊಳ್ಳಬಹುದು.

ಬೆಳಿಗ್ಗೆಯೇ ಅವನಿಗೆ ಬೆಣ್ಣೆ ಹಚ್ಚಿದೆ. ಬೆನ್ನು ನೋವಿನವರು ಬಗ್ಗಿ ಒಗೆಯಬಾರದು, ಇನ್ನು ಮೇಲೆ ನಿಮ್ಮದೂ ನಾನೇ ಒಯ್ಯುತ್ತೇನೆ ಎಂದೆ. ಬೇಡ ಬೇಡ ಅಂದ. ನಾನು ಬಿಡಲಿಲ್ಲ. ಕೊನೆಗೆ ತಲೆ ತಗ್ಗಿಸಿ ತಂದುಕೊಟ್ಟ. "ನಿನಗೆ ತೊಂದರೆ ಕೊಡ್ತಿದೀನಿ" ಅಂದಾಗ ಅವನ ಕಣ್ಣು ಒದ್ದೆಯಾಗಿತ್ತು. ನಾಟಕ ಎಂದುಕೊಂಡೆ. ನನ್ನದೂ ನಾಟಕವೇ ಆಗಿತ್ತಲ್ಲ, ಇಬ್ಬರೂ ಚೆನ್ನಾಗಿ ಆಡಿದೆವು.

ಲಾಂಡ್ರಿಯ ಒಗೆತ ಮನೆಯ ಒಗೆತದಂತಲ್ಲ. ಮೊದಲು ಸೋಡಾ, ಅದೂ ಕಡುವಾದದ್ದು. ಆಮೇಲೆ ಬ್ಲೀಚು. ಆಮೇಲೆ ಬರೀ ನೀರು. ಕಟ್ಟಕಡೆಯ ನೀರಿಗೆ ಒಂದು ಅಳತೆ ಹುಳಿ ಹಾಕುತ್ತೇವೆ. ಅಡುಗೆಯ ಹುಳಿಯಲ್ಲ, ಡ್ರಮ್ಮಿನಲ್ಲಿ ಬರುವ ಆಮ್ಲ. ನಾವು ಹುಳಿ ಅನ್ನುತ್ತೇವೆ. ಬಟ್ಟೆಯೊಳಗೆ ಅಡಗಿ ಕೂತ ಸೋಡಾದ ಕಾವನ್ನು ಅದೇ ಇಳಿಸಬೇಕು. ಹಾಕದಿದ್ದರೆ ಬಟ್ಟೆ ನೋಡಲು ಬೆಳ್ಳಗೆ ಚೆನ್ನಾಗಿಯೇ ಇರುತ್ತದೆ. ಬೆವರು ತಾಗಿದ ಮೇಲೆ ಕಚ್ಚಲು ಶುರು ಮಾಡುತ್ತದೆ. ಹಿಂದೊಮ್ಮೆ ಹುಳಿ ಬೀಳದ ಹಾಸಿಗೆ ಬಟ್ಟೆ ಒಂದು ವಾರ್ಡಿಗೆ ಹೋಗಿ, ಮಲಗಿದವರ ಬೆನ್ನೆಲ್ಲ ಕೆಂಪಾಗಿ, ನಮ್ಮ ಮೇಲ್ವಿಚಾರಕನ ಕೆಲಸವೇ ಹೋಗಿತ್ತು. ಗಟ್ಟಿ ಚರ್ಮಕ್ಕೇ ಹಾಗಾದರೆ ಬಿರಿದ ಚರ್ಮಕ್ಕೆ ಹೇಗಾಗಬೇಡ.

ನನ್ನ ಬಟ್ಟೆ ಬೇರೆ ಹಾಕಿದೆ, ಅವನದು ಬೇರೆ. ನನ್ನದಕ್ಕೆ ಹುಳಿ ಹಾಕಿದೆ. ಅವನದಕ್ಕೆ ಹಾಕಲಿಲ್ಲ. ಮಡಚಿ, ಅಂಚಿಗೆ ಅಂಚು ಕೂಡಿಸಿ, ಮಂಚದ ಮೇಲಿಟ್ಟೆ. "ಎಷ್ಟು ಬೆಳ್ಳಗಾಗಿದೆ" ಎಂದ ತಕ್ಕಡಿ ಸಾಹೇಬ.

ಮಾರ್ಚ್ ೧೫, ಶನಿವಾರ

ಹುಳಿ ಬೀಳದ ಬಟ್ಟೆ ಕೆಲಸ ಮಾಡಿದೆ. ಗುರುವಾರ ಪ್ರಯಾಣದಿಂದ ಬಂದವನು ಕಾಲು ಅಗಲಿಸಿ ಮೆಟ್ಟಿಲು ಹತ್ತಿದ. ಕುರ್ಚಿಯ ತುದಿಯಲ್ಲಿ ಕೂರುತ್ತಾನೆ. ನಾನು ಟೀ ಕೊಟ್ಟು ಎದುರಿಗೆ ಕೂತು, ಆ ಊರಿನ ಅಂಗಡಿಗಳ ಸುದ್ದಿ, ಹವೆಯ ಸುದ್ದಿ, ಬಸ್ಸಿನ ಸುದ್ದಿ ಎಲ್ಲ ವಿಚಾರಿಸಿದೆ. ಏಳಲು ಬಿಡಲಿಲ್ಲ. ಹಣೆಯ ಮೇಲೆ ಬೆವರು ಮೂಡುವವರೆಗೂ ಕೂರಿಸಿಕೊಂಡೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಇವತ್ತೂ ಹುಳಿ ಇಲ್ಲ.

ಮಾರ್ಚ್ ೨೩, ಭಾನುವಾರ

ಮೈ ಮಾತ್ರ ಉರಿದರೆ ಸಾಲದು ಅನ್ನಿಸಿತು. ನಾದಿನಿಯ ಮನೆಗೆ ಹೋದೆ. ಅವಳಿಗೆ ಅಣ್ಣ ಎಂದರೆ ಪ್ರಾಣ. ನಮ್ಮ ಮದುವೆಯಾದಾಗಿನಿಂದ "ನನ್ನಣ್ಣನಂಥವರು ಸಿಗೋಕೆ ಪುಣ್ಯ ಬೇಕು ಅತ್ತಿಗೆ" ಎನ್ನುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ನೇರವಾಗಿ ಹೇಳಲಿಲ್ಲ. ಮೊದಲು ನಿಟ್ಟುಸಿರು ಬಿಟ್ಟೆ. ಏನಾಯಿತು ಅತ್ತಿಗೆ ಎಂದು ಅವಳೇ ಗಂಟುಬಿದ್ದಳು. ಆಮೇಲೆ ಟ್ಯೂಬಿನ ವಿಷಯ, ವೈರಸ್ಸಿನ ವಿಷಯ, ಲಾಡ್ಜಿನ ವಿಷಯ ಒಂದೊಂದೇ ಬಿಚ್ಚಿದೆ. ಮಚ್ಚೆ, ಕಿವಿಯೋಲೆ ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅವಳ ಮುಖ ಸುಣ್ಣದಂತಾಯಿತು. ಹೊರಡುವಾಗ ಸೆರಗಿನಿಂದ ಕಣ್ಣೊರೆಸಿಕೊಂಡು, ಇದು ಮಕ್ಕಳಿಗೆ ಅಂಟುತ್ತದೆಯೇ ಎಂದು ಕೇಳಿದಳು. ನನಗೇನು ಗೊತ್ತು, ಎಚ್ಚರದಲ್ಲಿರುವುದು ಒಳ್ಳೆಯದು ಎಂದೆ.

ಬಸ್ಸಿನಲ್ಲಿ ಬರುವಾಗ ಮೈ ಹಗುರವಾಗಿತ್ತು. ಮನೆಗೆ ಬಂದರೆ ಅವನು ನೆಲ ಒರೆಸುತ್ತಿದ್ದ.

ಮಾರ್ಚ್ ೩೦, ಭಾನುವಾರ

ನಾದಿನಿಯ ಮನೆಯಲ್ಲಿ ಊಟ. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ನೀರು ಬಂತು. ಅವನಿಗೊಬ್ಬನಿಗೆ ಪೇಪರ್ ಲೋಟ. ತಟ್ಟೆಯೂ ಅಂಥದ್ದೇ, ಬಿಸಾಡುವಂಥದ್ದು. ಅವಳ ಚಿಕ್ಕ ಮಗಳು ಎಂದಿನಂತೆ "ಮಾಮ" ಎಂದು ಮಡಿಲಿಗೆ ಹತ್ತಲು ಹೋದರೆ, ತಾಯಿ ತೋಳು ಹಿಡಿದು ಎಳೆದುಕೊಂಡಳು. ಮಾಮನಿಗೆ ಬೆನ್ನು ನೋವು ಎಂದಳು.

ಅವನು ಆ ಲೋಟವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ತಿರುಗಿಸಿದ. ತಂಗಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನೀರು ಕುಡಿದು, ಲೋಟವನ್ನು ಸಣ್ಣಗೆ ಮಡಚಿ, ಯಾರಿಗೂ ತೊಂದರೆಯಾಗದ ಹಾಗೆ ತಾನೇ ಕಸದ ಬುಟ್ಟಿಗೆ ಹಾಕಿ ಬಂದ.

ಇದನ್ನೇ ತಾನೇ ನಾನು ಕೇಳಿದ್ದು. ಸಿಕ್ಕಿದೆ. ತಲೆನೋವು ಬಂದಿದೆ, ಬಸ್ಸಿನ ಹೊಗೆಗಿರಬೇಕು.

ಏಪ್ರಿಲ್ ೫, ಶನಿವಾರ

ಹಾಕಲಿಲ್ಲ.

ಏಪ್ರಿಲ್ ೧೦, ಗುರುವಾರ

ಈ ವಾರ ಕೆಲಸಕ್ಕೆ ಹೊರಡಲೇ ಇಲ್ಲ. ಬಚ್ಚಲಿಗೆ ಹೋದರೆ ಎಷ್ಟು ಹೊತ್ತಾದರೂ ಬರುವುದಿಲ್ಲ. ಒಳಗಿನ ಸದ್ದು ಕೇಳದಿರಲಿ ಎಂದು ನಲ್ಲಿ ತಿರುಗಿಸಿಟ್ಟುಕೊಳ್ಳುತ್ತಾನೆ. ಆದರೂ ಕೇಳುತ್ತದೆ. ಹಲ್ಲು ಕಚ್ಚಿ ತಡೆದ ನರಳಾಟ ಅದು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದಾನೆ. ಲೋಟ ತುಂಬಿಸಿ ಇಟ್ಟರೆ ತುಂಬಿದ ಹಾಗೇ ಇರುತ್ತದೆ.

ಲಾಂಡ್ರಿಯಲ್ಲಿ ಇಸ್ತ್ರಿ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. ಬಟ್ಟೆ ಇಸ್ತ್ರಿ ಮಾಡುವವಳು, ನನಗಿಂತ ಹಿರಿಯಳು. ಹೋದ ಶನಿವಾರದ ರಾಶಿಯಲ್ಲಿ ಅವನ ಪೈಜಾಮ ಅವಳ ಮೇಜಿಗೆ ಹೋಗಿಬಿಟ್ಟಿತ್ತಂತೆ. ಇಸ್ತ್ರಿ ತಾಗಿದ್ದೇ ತಡ ಹಳದಿ ತಿರುಗಿತಂತೆ.

"ಹುಳಿ ಬಿದ್ದಿಲ್ಲ ಕಣೇ ಇದಕ್ಕೆ" ಎಂದಳು. "ನೀನು ಮರೆಯೋಳಲ್ಲ."

ಮೆಷಿನ್ ಕೆಟ್ಟಿರಬೇಕು ಎಂದೆ. ಅವಳು ಮೆಷಿನ್ನಿನ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು. ಮುದುಕಿಗೆ ಬೇರೆ ಕೆಲಸವಿಲ್ಲ.

ಏಪ್ರಿಲ್ ೧೨, ಶನಿವಾರ

ಕೈ ಅಭ್ಯಾಸಬಲದಿಂದ ಹುಳಿ ಹಾಕಿಬಿಟ್ಟೆ. ಎರಡು ಸಲ ನೀರು ಬದಲಾಯಿಸಿ ಜಾಲಿಸಿಯೂ ಬಿಟ್ಟೆ. ಇಸ್ತ್ರಿ ಅಕ್ಕ ಅಲ್ಲೇ ನಿಂತಿದ್ದಳು, ಅದಕ್ಕೇ ಇರಬೇಕು. ಮುಂದಿನ ವಾರ ನೋಡಿಕೊಂಡರಾಯಿತು.

ಏಪ್ರಿಲ್ ೧೭, ಗುರುವಾರ

ಬೆಳಿಗ್ಗೆ ಬಚ್ಚಲಿನ ಬಾಗಿಲು ಒಳಗಿನಿಂದ ಬಡಿದ ಸದ್ದಾಯಿತು. ಚಿಲಕ ತೆಗೆಯಲೂ ಶಕ್ತಿ ಇರಲಿಲ್ಲ. ನಾನು ಭುಜ ಕೊಟ್ಟು ನೂಕಿದೆ. ಇವರು ಗೋಡೆಗೆ ಒರಗಿ ನಿಂತಿದ್ದರು. ಹೊಟ್ಟೆಯ ಕೆಳಗೆ ಉಬ್ಬಿ ಗಟ್ಟಿಯಾಗಿತ್ತು. ರಾತ್ರಿಯಿಂದ ಒಂದು ಹನಿಯೂ ಹೋಗಿಲ್ಲ ಎಂದರು. ನನ್ನ ಕೈಯನ್ನು ಹಿಡಿದ ಹಿಡಿತಕ್ಕೆ ಬಳೆ ಒಡೆದು ಹೋಯಿತು.

ಆಟೋದಲ್ಲಿ ಪ್ರತಿ ಉಬ್ಬಿಗೂ ಇವರು ಮುಖ ಹಿಂಡುತ್ತಿದ್ದರು. ನಿಧಾನ ಹೋಗಪ್ಪ ಎಂದೆ ಆಟೋದವನಿಗೆ, ಮರುಕ್ಷಣವೇ ಬೇಗ ಹೋಗಪ್ಪ ಎಂದೆ. ಎರಡರಲ್ಲಿ ಒಂದು ಹೇಳಿ ಅಮ್ಮ ಅಂದ.

ಅಲ್ಲಿ ಮೂತ್ರದ ಕಾಯಿಲೆ ನೋಡುವವರು ಡಾಕ್ಟರಮ್ಮ, ನಮ್ಮ ಮಗಳ ವಯಸ್ಸು. ಅವರು ಪರದೆ ಸರಿಸಿ ಒಳಗೆ ಬಂದದ್ದೇ ಇವರು ಕಣ್ಣು ಮುಚ್ಚಿಕೊಂಡರು. ಮುಂದಿನ ಚರ್ಮ ಬಿಗಿದು ದಾರಿಯೇ ಮುಚ್ಚಿಕೊಂಡಿತ್ತಂತೆ. ಮರಗಟ್ಟಿಸಿ, ಸಣ್ಣದಾಗಿ ಸೀಳಿ, ಮೂತ್ರ ಇಳಿಯಲು ನಳಿಕೆ ಹಾಕಿದರು. ಹೊರಗೆ ಕಾಯುತ್ತಿದ್ದ ನನಗೆ ಮೂತ್ರದ ಚೀಲ ತುಂಬುವ ಸದ್ದೂ ಇವರು ಉಸಿರು ಬಿಟ್ಟ ಸದ್ದೂ ಒಟ್ಟಿಗೆ ಕೇಳಿದವು. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ನಾಡಿದ್ದು ಆ ಚರ್ಮವನ್ನು ಪೂರ್ತಿ ತೆಗೆಯುತ್ತಾರೆ. ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತಾರೆ. ಇಷ್ಟು ವರ್ಷ ಬಿಟ್ಟರೆ ಕೆಲವರಿಗೆ ಕ್ಯಾನ್ಸರಿಗೆ ತಿರುಗುವುದುಂಟು, ನೋಡಿಬಿಡೋಣ ಎಂದರು ಡಾಕ್ಟರಮ್ಮ. ಅಂಗಡಿಯಲ್ಲಿ ಹಾಲಿನ ಬೆಲೆ ಹೇಳುವವರ ಹಾಗೆ ಹೇಳಿದರು.

ಆಸ್ಪತ್ರೆಯ ಹಾಸಿಗೆ ಬಟ್ಟೆ ನಮ್ಮ ಲಾಂಡ್ರಿಯದೇ. ಮೂಲೆ ಮುಟ್ಟಿ ನೋಡಿದೆ. ಹುಳಿ ಬಿದ್ದಿದೆ.

ಏಪ್ರಿಲ್ ೧೮, ಶುಕ್ರವಾರ

ಇವತ್ತು ನಡೆದದ್ದನ್ನು ಬರೆಯದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ಬ್ರೆಡ್ಡು ಹಾಲಿನಲ್ಲಿ ಅದ್ದಿ ಕೊಡುತ್ತಿದ್ದೆ. ನಾಳೆ ಆಪರೇಷನ್ನು, ಏನಾಗುತ್ತದೋ ಏನೋ, ಒಂದು ಮಾತು ಹೇಳಿಬಿಡಬೇಕು ಎಂದರು. ಲಾಡ್ಜಿನವಳ ಮಾತು ಈಗ ಬಂತು ಎಂದುಕೊಂಡು ನಾನು ಮೈಯೆಲ್ಲ ಕಿವಿಯಾದೆ.

"ನಾನು ನಿನ್ನನ್ನ ಕ್ಷಮಿಸಿ ಎರಡು ವರ್ಷ ಆಯ್ತು" ಎಂದರು.

ಯಾವುದಕ್ಕೆ ಎಂದು ಕೇಳಿದೆ.

"ಇದು ವೈರಸ್ಸಿಂದ ಬರೋದು ಅಂತ ಮೆಡಿಕಲ್ ಶಾಪಿನವನು ಹೇಳಿದ. ನಾನಂತೂ ಯಾರ ಹತ್ರಾನೂ ಹೋದವನಲ್ಲ. ಅಂದ್ಮೇಲೆ ನಿನ್ನಿಂದಾನೇ ತಾನೇ. ಯಾರು ಅಂತ ನಾನು ಕೇಳಲಿಲ್ಲ. ಮನೆ ಉಳೀಲಿ ಅಂತ ಸುಮ್ನಿದ್ದೆ."

ಹಾಲಿನ ಲೋಟ ಕೈಯಲ್ಲೇ ಇತ್ತು. ಅದನ್ನು ಅವನ ತಲೆಯ ಮೇಲೆ ಸುರಿಯದೆ ಮೇಜಿನ ಮೇಲಿಟ್ಟದ್ದು ನನ್ನ ದೊಡ್ಡತನ. ಯಾರು ಅಂದುಕೊಂಡಿದ್ದೀರಿ, ಅದನ್ನಾದರೂ ಹೇಳಿ ಎಂದೆ. ಬಹಳ ಬಲವಂತ ಮಾಡಿದ ಮೇಲೆ ಗೋಡೆಯ ಕಡೆ ತಿರುಗಿ, "ಆ ಲಾಂಡ್ರಿ ವ್ಯಾನಿನವನು" ಎಂದ.

ವ್ಯಾನಿನವನು. ಮುಂದಿನ ಎರಡು ಹಲ್ಲಿಲ್ಲದ, ಕೆಮ್ಮಿದರೆ ವ್ಯಾನಿನ ಬಾಗಿಲೇ ಅಲ್ಲಾಡುವ ಆ ಮುದುಕ. ಮಳೆ ಬಂದಾಗ ನಾಲ್ಕು ಸಲ ಬೀದಿಯ ತುದಿಯವರೆಗೆ ಬಿಟ್ಟಿದ್ದಾನೆ, ಅಷ್ಟೇ ಅವನಿಗೂ ನನಗೂ ಇರುವ ಸಂಬಂಧ. ನಾನಾದರೋ ಇವನಿಗೆ ಮಚ್ಚೆ, ಕಿವಿಯೋಲೆ ಇರುವವಳನ್ನು ಕೊಟ್ಟಿದ್ದೆ. ಇವನು ನನಗೆ ಕೊಟ್ಟದ್ದು ಇಂಥವನನ್ನು.

ಎರಡು ವರ್ಷ ನನ್ನ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತ, ಮನಸ್ಸಿನಲ್ಲೇ ನನ್ನನ್ನು ಕ್ಷಮಿಸುತ್ತ ಮಲಗಿದ್ದನಲ್ಲ. ಹುಳಿ ಹಾಕದೆ ಬಿಟ್ಟದ್ದು ಏನೂ ಅಲ್ಲ. ಸೋಡಾವನ್ನೇ ತಂದು ಸುರಿಯಬೇಕಿತ್ತು.

ಏಪ್ರಿಲ್ ೨೧, ಸೋಮವಾರ

ಶನಿವಾರ ಆಪರೇಷನ್ ಆಯಿತು. ನಾನು ಮಾತಾಡುತ್ತಿಲ್ಲ. ಚೀಲ ಖಾಲಿ ಮಾಡುತ್ತೇನೆ, ದಿಂಬು ಸರಿ ಮಾಡುತ್ತೇನೆ, ಮಾತಾಡುವುದಿಲ್ಲ.

ಇವತ್ತು ಡಾಕ್ಟರಮ್ಮ ಬಂದಾಗ ಮಾತ್ರ ಬಾಯಿ ಬಿಟ್ಟೆ. ಅವನ ಎದುರಿಗೇ ಕೇಳಿದೆ. ಇದು ಯಾರಿಂದ ಬಂತು ಎಂದು ಅವನಿಗೂ ಗೊತ್ತಾಗಲಿ, ನನಗೂ ಗೊತ್ತಾಗಲಿ ಎಂದೆ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು.

"ಯಾರಿಂದಾನೂ ಬಂದಿದ್ದಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟೋ ಕಾಯಿಲೆ ಅಲ್ಲ. ವೈರಸ್ ಕಾರಣ ಇರಬಹುದಾ ಅಂತ ಬಹಳ ಜನ ಹುಡುಕಿದಾರೆ, ಇನ್ನೂ ಹುಡುಕ್ತಾ ಇದಾರೆ. ಕೆಲವರ ಚರ್ಮದಲ್ಲಿ ಸಿಗುತ್ತೆ, ಎಷ್ಟೋ ಜನರಲ್ಲಿ ಸಿಗೋದೇ ಇಲ್ಲ. ಸಿಕ್ಕಿದ್ರೂ ಅದೇ ಇದನ್ನ ಮಾಡ್ತು ಅನ್ನೋಕೆ ಆಧಾರ ಇಲ್ಲ."

ಹಾಗಾದರೆ ಯಾಕೆ ಬಂತು ಎಂದೆ. ಪೂರ್ತಿ ಯಾರಿಗೂ ಗೊತ್ತಿಲ್ಲ ಎಂದರು. ತಮಗೆ ಹೆಚ್ಚು ಅನುಮಾನ ಇರುವುದು ಮೂತ್ರದ ಮೇಲಂತೆ. ಹೋಗಿ ಬಂದ ಮೇಲೂ ಕೆಲವರಿಗೆ ಒಂದೆರಡು ಹನಿ ಚರ್ಮದ ಒಳಗೇ ಉಳಿಯುತ್ತದೆ, ಆ ತೇವದಲ್ಲೇ ವರ್ಷಗಟ್ಟಲೆ ನೆನೆದು ಚರ್ಮ ಕೆರಳುತ್ತದೆ, ಇವರಿಗೂ ಹಾಗೇ ಆಗಿರಬಹುದು ಎಂದರು. ಮೊದಲೇ ಬಂದು ತೋರಿಸಿದ್ದರೆ ಒಂದು ಸರಿಯಾದ ಮುಲಾಮಿನಲ್ಲಿ ಹತೋಟಿಗೆ ಬರುತ್ತಿತ್ತಂತೆ. ಬಚ್ಚಿಟ್ಟುಕೊಂಡು ಸಿಕ್ಕಿದ್ದೆಲ್ಲ ಹಚ್ಚಿ ಇಷ್ಟಾಗಿದೆಯಂತೆ.

ಎರಡು ಹನಿ. ಕಿವಿಯೋಲೆಯೂ ಇಲ್ಲ, ಮಚ್ಚೆಯೂ ಇಲ್ಲ, ವ್ಯಾನೂ ಇಲ್ಲ. ಡಾಕ್ಟರಮ್ಮ ಹೋದ ಮೇಲೆ ಅವನು ಕಿಟಕಿ ನೋಡಿದ, ನಾನು ಬಾಗಿಲು ನೋಡಿದೆ. ಹಾಗಾದರೆ ಇಷ್ಟು ದಿನ ನಾನು ಸೇಡು ತೀರಿಸಿಕೊಂಡದ್ದು ಯಾರ ಮೇಲೆ? ಆದರೂ ವ್ಯಾನಿನವನ ವಿಷಯ ನಾನು ಬಿಡುವುದಿಲ್ಲ.

ಏಪ್ರಿಲ್ ೨೮, ಸೋಮವಾರ

ಪರೀಕ್ಷೆಯ ಫಲ ಇನ್ನೂ ಬಂದಿಲ್ಲ. ಮನೆಗೆ ಬಂದಿದ್ದೇವೆ. ಇವರ ಬಟ್ಟೆಯನ್ನು ಲಾಂಡ್ರಿಗೆ ಒಯ್ಯುತ್ತಿಲ್ಲ. ಅಲ್ಲಿ ಬೇರೆಯವರ ಬಟ್ಟೆಯ ಜೊತೆ ಸೇರಿಬಿಡುತ್ತದೆ, ಅದೊಂದು ರಗಳೆ. ಮನೆಯಲ್ಲೇ ತಣ್ಣೀರಿನಲ್ಲಿ, ಸೋಪು ಪೂರ್ತಿ ಬಿಡುವವರೆಗೂ ಜಾಲಿಸಿ, ಒಂದು ಮೂಲೆಯನ್ನು ನಾಲಿಗೆಗೆ ತಾಗಿಸಿ ನೋಡಿ ಹಿಂಡುತ್ತೇನೆ. ನಾಲಿಗೆಗೆ ಸೋಡಾ ತಕ್ಷಣ ಗೊತ್ತಾಗುತ್ತದೆ.

ಫೋನ್ ಸದ್ದಾದರೆ ಇಬ್ಬರೂ ಒಟ್ಟಿಗೆ ಏಳುತ್ತೇವೆ. ಮೊನ್ನೆ ಅದು ಗ್ಯಾಸಿನವನದು. ಇವರು ಅವನಿಗೆ ಧನ್ಯವಾದ ಹೇಳಿದರು, ಯಾಕೋ.

ಮೇ ೬, ಮಂಗಳವಾರ

ಕ್ಯಾನ್ಸರ್ ಇಲ್ಲ. ವೈರಸ್ಸೂ ಸಿಗಲಿಲ್ಲ. ಮುಲಾಮು ಹಚ್ಚುತ್ತ, ವರ್ಷವರ್ಷವೂ ತೋರಿಸುತ್ತ ಇರಬೇಕಂತೆ, ಅಷ್ಟೇ. ಕೇಳಿದ ಕೂಡಲೇ ಇವರು ನನ್ನ ಮೊಣಕೈ ಹಿಡಿದರು. ನಾನು ಬಿಡಿಸಿಕೊಳ್ಳಲಿಲ್ಲ, ಎಲ್ಲರೆದುರು ಚೆನ್ನಾಗಿ ಕಾಣುವುದಿಲ್ಲ ಎಂದು.

ಆಮೇಲೆ ಡಾಕ್ಟರಮ್ಮ ಕಾಗದದಿಂದ ತಲೆ ಎತ್ತಿದರು. ಒಂದು ವಿಷಯ ಮಾತ್ರ ತಮಗೆ ಅರ್ಥವಾಗಿಲ್ಲ ಎಂದರು. ಕಾಯಿಲೆ ಹಳೆಯದು, ಸರಿ. ಆದರೆ ಬಂದ ದಿನ ಸುತ್ತಲಿನ ಚರ್ಮವೆಲ್ಲ ಸುಟ್ಟಂತೆ ಕೆಂಪಾಗಿತ್ತು, ಆ ಊತವೇ ಮೂತ್ರದ ದಾರಿ ಮುಚ್ಚಿದ್ದಿರಬಹುದು. ಒಳಉಡುಪು ಯಾವುದರಲ್ಲಿ ಒಗೆಯುತ್ತೀರಿ, ಖಾರವಾದ ಸೋಪೇನಾದರೂ ಇದೆಯೇ ಎಂದು ಕೇಳಿದರು.

ಇವರೇ ಉತ್ತರ ಕೊಟ್ಟರು.

"ಒಗೆತದ ಮೇಲೆ ಅನುಮಾನ ಬೇಡ ಡಾಕ್ಟ್ರೇ. ಅವಳೇ ಒಗೆಯೋದು. ನಾನು ಅವಳ ಮೇಲೆ ಏನೇನೋ ಅನುಮಾನ ಪಟ್ಟಿದೀನಿ, ಆದ್ರೆ ಅವಳ ಕೈಯಿಂದ ಬಂದ ಬಟ್ಟೆ ಮೇಲೆ ಒಂದು ದಿನಾನೂ ಪಟ್ಟಿಲ್ಲ."

ಡಾಕ್ಟರಮ್ಮ ನಕ್ಕು, ಏನೋ ಬರೆದುಕೊಂಡರು.

ಮೇ ೧೦, ಶನಿವಾರ

ನಾದಿನಿಯ ಮನೆಗೆ ಹೋಗಿ ಎಲ್ಲ ಬಿಡಿಸಿ ಹೇಳಿದೆ. ಅಂಟುವುದಲ್ಲ, ವೈರಸ್ ಅಲ್ಲ, ಲಾಡ್ಜು ನನ್ನ ತಲೆಯಲ್ಲಿ ಹುಟ್ಟಿದ್ದು, ನಿನ್ನಣ್ಣ ಚಿನ್ನದಂಥವರು ಎಂದೆ. ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು.

"ಅವನು ಅಷ್ಟೆಲ್ಲ ಮಾಡಿದ್ರೂ ಅವನ ಮಾನ ಮುಚ್ಚೋಕೆ ಬಂದಿದೀರಲ್ಲ. ನೀವು ದೊಡ್ಡವರು ಅತ್ತಿಗೆ" ಎಂದಳು.

ನಾನು ಮತ್ತೆ ಹೇಳಿದೆ, ದನಿ ಏರಿಸಿ ಹೇಳಿದೆ. ಏರಿಸಿದಷ್ಟೂ ನಾನು ಅವಳ ಕಣ್ಣಲ್ಲಿ ದೇವತೆಯಾಗುತ್ತ ಹೋದೆ. ಬಾಗಿಲ ತನಕ ಬಂದು ಬೀಳ್ಕೊಟ್ಟಳು. ನಾನು ಹಚ್ಚಿದ ಬೆಂಕಿ ನನ್ನ ಮಾತನ್ನೇ ಕೇಳುತ್ತಿಲ್ಲ. ಕಲೆ ತೆಗೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದೆ.

ಮೇ ೧೧, ಭಾನುವಾರ

ಹೇಳಿಬಿಟ್ಟೆ.

ಇವರು ಟೀ ಕುಡಿದು ಮುಗಿಸಲಿ ಎಂದು ಕಾದೆ. ಆಮೇಲೆ ಎದುರಿಗೆ ಕೂತು ಟ್ಯೂಬಿನಿಂದ ಶುರು ಮಾಡಿ ನಿನ್ನೆಯವರೆಗೆ ಎಲ್ಲ ಹೇಳಿದೆ. ಹುಳಿ ಹಾಕದೆ ಒಗೆದದ್ದನ್ನು ಹೇಳಿದೆ. ಬೇಕೆಂದೇ ಕುರ್ಚಿಯಿಂದ ಏಳಲು ಬಿಡದೆ ಮಾತಾಡಿಸಿದ್ದನ್ನು ಹೇಳಿದೆ. ತಂಗಿಯ ಮನೆಯ ಪೇಪರ್ ಲೋಟ ಯಾರಿಂದ ಬಂತು ಎನ್ನುವುದನ್ನೂ ಹೇಳಿದೆ. ಇವರು ಖಾಲಿ ಕಪ್ಪಿನ ತಳ ನೋಡುತ್ತ ಕೂತಿದ್ದರು. ಬೀದಿಯಲ್ಲಿ ತರಕಾರಿಯವನು ಬಂದು, ಕೂಗಿ, ಹೋದ. ಕೊನೆಗೆ ಕಪ್ಪು ಕೆಳಗಿಟ್ಟರು.

"ಹೋಗ್ಲಿ ಬಿಡು. ಆಗಿದ್ದು ಆಗಿಹೋಯ್ತು. ನಾನು ಕ್ಷಮಿಸಿದೀನಿ."

ಆಸ್ಪತ್ರೆಯಲ್ಲಿ ಹೇಳಿದ್ದೂ ಇದೇ ದನಿಯಲ್ಲಿ. ನಾನು ಮಾಡದೇ ಇದ್ದದ್ದನ್ನು ಹೇಗೆ ಕ್ಷಮಿಸಿದ್ದರೋ ಮಾಡಿದ್ದನ್ನೂ ಹಾಗೆಯೇ ಕ್ಷಮಿಸಿದರು. ಇವರ ತಕ್ಕಡಿಯಲ್ಲಿ ಎರಡಕ್ಕೂ ಒಂದೇ ತೂಕ. ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ಕ್ಷಮಿಸಬೇಡಿ" ಎಂದೆ. "ನಿಮ್ಮ ಕ್ಷಮೆ ನನಗೆ ಬೇಡ. ಉರೀಲಿಲ್ವಾ ನಿಮಗೆ?"

"ಉರೀತು."

"ಹಾಗಿದ್ರೆ ಬೈಯಿರಿ."

ಬೈಯಲು ಬರುವುದಿಲ್ಲ ಎನ್ನುವ ಹಾಗೆ ತಲೆ ಅಲ್ಲಾಡಿಸಿದರು. ನಾನು ಕುರ್ಚಿ ಎಳೆದು ದಾರಿಗೆ ಅಡ್ಡ ಹಾಕಿಕೊಂಡು ಕೂತೆ. ಮೊದಲು ಮೆಲ್ಲಗೆ, ಯಾರದೋ ವಿಷಯ ಹೇಳುವವರ ಹಾಗೆ ಶುರು ಮಾಡಿದರು. ಬಸ್ಸಿನಲ್ಲಿ ನಿಂತೇ ಬರಬೇಕಾದ್ದನ್ನು ಹೇಳಿದರು. ಯಂತ್ರ ಬಿಚ್ಚಿ ಕೂತಾಗ ಅಂಗಡಿಯವರೆದುರು ಕಣ್ಣೀರು ಬಂದದ್ದನ್ನು ಹೇಳಿದರು. ಪೇಪರ್ ಲೋಟದ ಮಾತು ಬಂತು ನೋಡಿ, ದನಿ ಒಡೆಯಿತು. ಎದ್ದು ನಿಂತರು. "ಚರ್ಮ ಸುಟ್ಟಿದ್ದು ಬಿಡು, ನನ್ನ ತಂಗಿ ಮಗು ಕೈ ಹಿಡಿದು ಎಳೆದಳಲ್ಲ, ಅದನ್ನ ನೋಡ್ತಾ ಅಲ್ಲೇ ಕೂತು ಹೇಗೆ ಊಟ ಮಾಡಿದೆ ನೀನು, ರಾಕ್ಷಸಿ" ಎಂದು ಕೂಗಿದರು. ಇಷ್ಟು ವರ್ಷದ ಸಂಸಾರದಲ್ಲಿ ಇವರ ಬಾಯಲ್ಲಿ ಕೇಳದ ಮಾತುಗಳೆಲ್ಲ ಬಂದವು. ಎದುರು ಮನೆಯವರ ಕಿಟಕಿ ತೆರೆಯಿತು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತು, ಒಂದನ್ನೂ ಬಿಡದೆ ಕೇಳಿಸಿಕೊಂಡೆ. ಅತ್ತೆ. ಎದ್ದು ಹೋಗಲಿಲ್ಲ.

ಮುಂದಿನ ಭಾನುವಾರ ತಂಗಿಯ ಮನೆಗೆ ಇಬ್ಬರೂ ಹೋಗಬೇಕು, ಇವರು ಕುಡಿದು ಬಿಟ್ಟ ಲೋಟದಲ್ಲಿ ಎಲ್ಲರೆದುರು ನಾನು ನೀರು ಕುಡಿಯಬೇಕು, ಅವಳು ನಂಬುವವರೆಗೆ ಪ್ರತಿ ಭಾನುವಾರವೂ ಕುಡಿಯಬೇಕು ಎಂದರು. ಆಗಲಿ ಎಂದೆ.

ಕೂಗಾಟ ಮುಗಿದ ಮೇಲೆ ತಮ್ಮ ದಿಂಬು ತೆಗೆದುಕೊಂಡು ಹೊರಗಿನ ಕೋಣೆಯಿಂದ ಒಳಗೆ ಬಂದು, ನನ್ನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಸಿಟ್ಟು ಇನ್ನೂ ಇಳಿದಿಲ್ಲ. ಬೆನ್ನು ಏರಿಳಿಯುವುದನ್ನು ನೋಡಿದರೇ ಗೊತ್ತಾಗುತ್ತದೆ.

ಮಲಗಲಿ, ಗಾಯ ಇನ್ನೂ ಹಸಿ ಇದೆ. ನಿದ್ದೆ ತಿಳಿದು ಏಳಲಿ. ವ್ಯಾನಿನವನ ವಿಷಯ ನಾನಿನ್ನೂ ಶುರುವೇ ಮಾಡಿಲ್ಲ.